ಮಗಳ ಲಂಗದ ಅಳತೆಯೋ, ಕೂಲಿಯ ಲೆಕ್ಕವೋ?

ಹೊಸದುರ್ಗದ ಕಿರಾಣಿ ವ್ಯಾಪಾರಿಯೊಬ್ಬರು ಈಚೆಗೆ ನಮ್ಮನ್ನು ಅಂಗಡಿಯೊಳಕ್ಕೆ ಕರೆದು, ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು: “ಮೇಷ್ಟ್ರೇ, ಹುಡುಗಿ ಬೆಂಗಳೂರಾಗೆ ಮ್ಯಾಚಿನ ಹೊತ್ತಿಗೆ ಕುಣಿಯೋ ತಂಡಕ್ಕೆ ಸೇರ್ತೀನಿ ಅಂತಾಳೆ. ಅವ್ರವ್ವ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಏನ್ ಮಾಡಾನ?” ಅದೇ ಹುಡುಗಿ ಶಾಲೆಯ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಕುಣಿದು ಗೆದ್ದ ಬಹುಮಾನ ಮಾತ್ರ ಗಲ್ಲಾಪೆಟ್ಟಿಗೆಯ ಮೇಲೆ, ಲಕ್ಷ್ಮಿಯ ಪಟದ ಪಕ್ಕದಲ್ಲೇ ಇತ್ತು.

ಆ ತಂದೆಯನ್ನು ನಾವು ಹಾಸ್ಯ ಮಾಡುವುದಿಲ್ಲ. ಮಗಳ ಜಾಣತನಕ್ಕೆ ಹಿಗ್ಗು, ಊರ ಬಾಯಿಗೆ ಅಂಜಿಕೆ, ನಾಳೆ ಗಂಡು ಹುಡುಕುವ ಚಿಂತೆ, ಇವೆಲ್ಲ ಒಂದೇ ಎದೆಯಲ್ಲಿ ಇರುವುದು ಸಹಜವೇ. ಅಂಜಿಕೆ ಸುಳ್ಳಲ್ಲ. ಆದರೆ ಅದನ್ನು ತಪ್ಪು ಕಡೆಗೆ ತಿರುಗಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

“ಇದು ಓಬವ್ವನ ನಾಡು, ಇಲ್ಲಿಯ ಹೆಣ್ಣುಮಕ್ಕಳಿಗೆ ಇದೆಲ್ಲ ಒಪ್ಪದು” ಎನ್ನುವ ಮಹನೀಯರನ್ನು ಕೇಳಿದ್ದೇವೆ. ದುರ್ಗದ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿ ಆಚರಿಸುತ್ತಿದೆ. ಆದರೆ ಕಥೆಯನ್ನು ಪೂರ್ತಿ ನೆನೆಯಿರಿ: ಗಂಡ ಉಣ್ಣುತ್ತ ಕುಳಿತಿದ್ದಾಗ ಆಕೆ ಯಾರ ಅಪ್ಪಣೆಯನ್ನೂ ಕೇಳದೆ ಒನಕೆ ಎತ್ತಿದಳು! ಗಣಪತಿ ಮೆರವಣಿಗೆಯಲ್ಲಿ ಡಿಜೆಯ ಮುಂದೆ ಅಂಗಿ ಬಿಚ್ಚಿ ಕುಣಿಯುವ ಹುಡುಗರ ತಂದೆತಾಯಿಗಳನ್ನು ಈ ಮಹನೀಯರು ಎಂದಾದರೂ ಪ್ರಶ್ನಿಸಿದ್ದುಂಟೇ? ಹಿಂದೆ ಗುಬ್ಬಿ ಕಂಪೆನಿಯ ಬಿ. ಜಯಮ್ಮನಂಥವರು ರಂಗಕ್ಕೆ ಬಂದ ಕಾಲದಲ್ಲೂ ಇದೇ ನಡೆದಿತ್ತು. ಟಿಕೆಟು ಕೊಂಡು ಮುಂದಿನ ಸಾಲಿನಲ್ಲಿ ಕೂತವರೇ ಮನೆಗೆ ಹೋಗಿ ನಟಿಯರ ನಡತೆಯ ಮಾತಾಡುತ್ತಿದ್ದರು.

ಇನ್ನು ಈ ಕಸುಬಿನ ಹುಟ್ಟು ನೋಡಿ. 1898ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ತನ್ನ ತಂಡಕ್ಕೆ ಜೈಕಾರ ಹಾಕಿಸಿದವನು ಒಬ್ಬ ಗಂಡು ವಿದ್ಯಾರ್ಥಿ. ಹೆಂಗಸರು ಬಂದದ್ದು 1920ರ ದಶಕದಲ್ಲಿ. ಅದು ಮಾರಾಟದ ಸರಕಾದದ್ದು ಆಮೇಲೆ.

ನಮ್ಮಲ್ಲಿಗೆ ಬಂದದ್ದಂತೂ ಸರಕಾಗಿಯೇ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್ ಶುರುವಾದಾಗ, ಮದ್ಯದ ಧಣಿ ವಿಜಯ ಮಲ್ಯರ ತಂಡ ವಾಷಿಂಗ್ಟನ್ನಿನಿಂದ ಕುಣಿತದ ಹುಡುಗಿಯರನ್ನು ವಿಮಾನದಲ್ಲಿ ಕರೆಸಿತು. ತಂಡದ ಹೆಸರೇ ವಿಸ್ಕಿಯ ಹೆಸರಿನ ನೆರಳು. ಮಹಾರಾಷ್ಟ್ರದ ರಾಜಕಾರಣಿಗಳು ಆಗ ಅಶ್ಲೀಲವೆಂದು ಗುಲ್ಲೆಬ್ಬಿಸಿದರು. ಲಂಗದ ಅಳತೆ ಚರ್ಚೆಯಾಯಿತು. ಕೂಲಿಯ ಅಳತೆ ಆಗಲಿಲ್ಲ. ಅದೇ ಧಣಿಯ ವಿಮಾನ ಕಂಪೆನಿ 2012ರ ಅಕ್ಟೋಬರಿನಲ್ಲಿ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. 2016ರ ಮಾರ್ಚಿಯಲ್ಲಿ ಧಣಿ ದೇಶವನ್ನೇ ಬಿಟ್ಟರು. ಇದರಲ್ಲಿ ಅಶ್ಲೀಲ ಯಾವುದು? ಬಾಕಿ ಸಂಬಳಕ್ಕಾಗಿ ಗಿರಣಿ ಬಾಗಿಲಲ್ಲಿ ಕುಳಿತು ಬಲ್ಲ ನಮ್ಮ ಓದುಗರೇ ಹೇಳಲಿ.

ಆ ಕುಣಿತವನ್ನು ನಾವೇನೂ ಕೊಂಡಾಡುವುದಿಲ್ಲ. ಹೆಣ್ಣನ್ನು ಮದ್ಯದ ಜಾಹೀರಾತಿನ ಅಲಂಕಾರ ಮಾಡುವುದು ನಮಗೆ ಒಗ್ಗುವುದಿಲ್ಲ. ಪಂದ್ಯಾವಳಿ ನಡೆಯುವುದೂ ಹೆಚ್ಚುಕಡಿಮೆ ಎರಡೇ ತಿಂಗಳು. ಉಳಿದ ಹತ್ತು ತಿಂಗಳು ಹೊಟ್ಟೆಗೇನು? ಹಾಗಿದ್ದೂ ದುಡಿಮೆ ದುಡಿಮೆಯೇ. ಕ್ಯಾಲಿಫೋರ್ನಿಯದಲ್ಲಿ ಓಕ್ಲೆಂಡಿನ ಫುಟ್‌ಬಾಲ್ ತಂಡದ ಕುಣಿತದ ಹುಡುಗಿಯರು 2014ರಲ್ಲಿ, ತಾಲೀಮಿನ ಗಂಟೆಗಳಿಗೆ ಕೂಲಿಯಿಲ್ಲವೆಂದು ಕೋರ್ಟು ಹತ್ತಿದರು. ತಂಡ ಹನ್ನೆರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. 2015ರಲ್ಲಿ ಆ ರಾಜ್ಯ ಶಾಸನವನ್ನೇ ಮಾಡಿ, ಇವರು ನೌಕರರು, ಕನಿಷ್ಠ ವೇತನ ಸಲ್ಲಬೇಕು ಎಂದಿತು. ಲಂಗ ಅಷ್ಟೇ ಉದ್ದವಿತ್ತು. ಕೂಲಿ ಮಾತ್ರ ಬದಲಾಯಿತು.

ಆದ್ದರಿಂದ ಆ ವ್ಯಾಪಾರಿಗೆ ನಾವು ಹೀಗೆ ಹೇಳಿದೆವು. ಹುಡುಗಿಗೆ ಹದಿನೆಂಟು ತುಂಬಿದೆಯೇ, ಮೊದಲು ನೋಡಿ. ಕರೆದವರು ತಂಡದವರೋ, ನಡುವಿನ ಗುತ್ತಿಗೆದಾರರೋ? ಬರಹದಲ್ಲಿ ಕರಾರು ಉಂಟೇ? ತಾಲೀಮಿಗೂ ಕೂಲಿ ಉಂಟೇ? ರಾತ್ರಿ ಪಂದ್ಯ ಮುಗಿದ ಮೇಲೆ ಬಿಡಾರಕ್ಕೆ ಬಿಡುವವರು ಯಾರು? ಕೆಲಸದ ಸ್ಥಳದಲ್ಲಿ ಹೆಣ್ಣಿಗೆ ಕಿರುಕುಳವಾಗದಂತೆ 2013ರ ಕಾನೂನಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಸಮಿತಿ ಇರಲೇಬೇಕು. ಧಣಿ ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಅವರ ಸಮಿತಿಯ ಹೆಸರು ಕೇಳಿ.

ಹುಡುಗಿ ಗೋಣಿಚೀಲದ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪೆನ್ಸಿಲು ಹಿಡಿದು ಬಂದು, “ಸಾರ್, ಇನ್ನೊಂದ್ಸಲ ಹೇಳಿ, ಬರ್ಕೊಂತೀನಿ” ಎಂದಳು. ಆಕೆಯ ತಾಯಿ ಒಳಗಿನಿಂದ, “ಸಮಿತಿದೂ ಬರ್ಕೊಳ್ಳೇ” ಎಂದು ಕೂಗಿದರು.