ಕಾರನ್ನು ತಗ್ಗಿಸಬೇಕೇ?

ಮಳೆ ಬಿಡುವು ಕೊಟ್ಟ ಒಂದು ಆದಿತ್ಯವಾರ ನನ್ನ ತಂಗಿಯ ಮಗ ಮಣಿಪಾಲದಿಂದ ಕುಕ್ಕುಂದೂರಿನ ನಮ್ಮ ಮನೆಗೆ ಬಂದಿದ್ದ. ಕಾಫಿ ಮುಗಿಸುವ ಮೊದಲೇ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ನಾಲ್ಕು ಕೆಂಪು ಬಣ್ಣದ ಸ್ಪ್ರಿಂಗುಗಳು. "ಮಾವ, ಇದನ್ನು ಹಾಕಿಸಿದರೆ ಕಾರು 35 ಮಿಲಿಮೀಟರ್ ತಗ್ಗುತ್ತದೆ. ತಿರುವಿನಲ್ಲಿ ವಾಲುವುದು ಕಡಿಮೆ. ನೀವು ವಿಜ್ಞಾನದ ಮಾಷ್ಟ್ರಲ್ವಾ, ಹೇಳಿ, ಹಾಕಿಸಲೋ ಬೇಡವೋ?" ಎಂದ.

ಅವನದು ಯಾರೋ ಓಡಿಸಿ ಮಾರಿದ ಪೋಲೊ ಜಿಟಿ. ಆ ಕಾರಿನ ತಯಾರಿಕೆ ನಮ್ಮ ದೇಶದಲ್ಲಿ 2022ರಲ್ಲೇ ನಿಂತಿತಾದರೂ ಹುಡುಗರ ಪಾಲಿಗೆ ಅದು ಇಂದಿಗೂ ಸ್ಪೋರ್ಟ್ಸ್ ಕಾರೇ. ಮೂರು ವರ್ಷ ಸಂಬಳದಲ್ಲಿ ಉಳಿಸಿ ಕೊಂಡದ್ದು. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿರುವ ತಾಯಿಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲಿಯೇ. ಆದ್ದರಿಂದ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಮನಸ್ಸಾಗಲಿಲ್ಲ.

ಮೊದಲು ಅವನ ಪಕ್ಷವನ್ನೇ ನೋಡೋಣ. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ಸರಿಯುವ ಭಾರವು ಗುರುತ್ವಕೇಂದ್ರದ ಎತ್ತರಕ್ಕೆ ಅನುಪಾತದಲ್ಲಿರುತ್ತದೆ. ಅಂತಹ ಕಾರಿನ ಗುರುತ್ವಕೇಂದ್ರ ನೆಲದಿಂದ ಸುಮಾರು 550 ಮಿಲಿಮೀಟರ್ ಎತ್ತರದಲ್ಲಿದೆ ಎಂದು ಹಿಡಿದರೆ, 35 ತಗ್ಗಿಸಿದಾಗ ದೊರೆಯುವ ಲಾಭ ಶೇಕಡಾ 6ರಷ್ಟು. ಲಾಭ ಇದೆ, ಸುಳ್ಳಲ್ಲ.

ಇನ್ನು ನಷ್ಟ. ಕಾರಿನ ತಳಕ್ಕೂ ನೆಲಕ್ಕೂ ಇರುವ ಅಂತರ ಸುಮಾರು 165 ಮಿಲಿಮೀಟರ್. ಅದರಲ್ಲಿ 35 ಹೋದರೆ ಉಳಿಯುವುದು 130. ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಯಿತು. ನಾಲ್ಕು ಜನ ಕುಳಿತು ಒಂದು ಗೋಣಿ ಅಕ್ಕಿ ಇಟ್ಟರೆ ಇನ್ನೂ ಕೆಳಗೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಆ ಮಾದರಿಯನ್ನು ಪಾಲಿಸಿದ ಉಬ್ಬು ನಮ್ಮ ಒಳರಸ್ತೆಗಳಲ್ಲಿ ಎಷ್ಟಿವೆ ಎಂಬುದನ್ನು ನೀವೇ ಎಣಿಸಿ ನೋಡಿ. ಜೋಡುರಸ್ತೆಯಿಂದ ನಮ್ಮ ಮನೆಯ ಅಂಗಳದವರೆಗಿನ ಕೆಂಪುಕಲ್ಲಿನ ದಾರಿ ಆಟಿ ತಿಂಗಳಲ್ಲಿ ಹೇಗಿರುತ್ತದೆಂಬುದು ಇಲ್ಲಿಗೆ ಬಂದುಹೋದವರಿಗೆಲ್ಲ ಗೊತ್ತು.

ಸ್ಪ್ರಿಂಗಿನ ಕೆಲಸವೇನು? 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವನ್ನು ಒಂಬತ್ತನೆಯ ತರಗತಿಯಲ್ಲಿ ನಾನು ನಿಮಗೆ ತೂಕದ ಬಟ್ಟು ತೂಗುಹಾಕಿ ತೋರಿಸಿದ್ದು ನೆನಪಿರಬಹುದು: ಬಲ ಎಷ್ಟೋ ವಿಸ್ತರಣೆ ಅಷ್ಟು. ಗುಂಡಿಯ ಪೆಟ್ಟನ್ನು ನುಂಗಲು ಸ್ಪ್ರಿಂಗಿಗೆ ಕುಗ್ಗುವ ಜಾಗ ಬೇಕು. ಕಾರನ್ನು ತಗ್ಗಿಸಿದಾಗ ಆ ಜಾಗವೇ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಸ್ಪ್ರಿಂಗನ್ನು ಗಡುಸು ಮಾಡುತ್ತಾರೆ. ಆಗ ಪೆಟ್ಟು ಸ್ಪ್ರಿಂಗಿನಲ್ಲಿ ಉಳಿಯದೆ ಕುಳಿತವರ ಬೆನ್ನಿಗೆ ಹೋಗುತ್ತದೆ. ಅಲ್ಲದೆ ಮೂಲ ಸ್ಪ್ರಿಂಗಿಗೆ ಹೊಂದಿಸಿ ಮಾಡಿದ ಶಾಕ್ ಅಬ್ಸಾರ್ಬರ್ ಬೇಗ ಸವೆಯುತ್ತದೆ. ಇನ್ನು ಕೆಲವರು ಹಣ ಉಳಿಸಲು ಸ್ಪ್ರಿಂಗಿನ ಒಂದು ಸುತ್ತನ್ನೇ ಕತ್ತರಿಸುವುದುಂಟು. ಅದು ಶುದ್ಧ ಅವಿವೇಕ.

ಸ್ಪರ್ಧೆಯ ಕಾರುಗಳೆಲ್ಲ ತಗ್ಗಾಗಿರುತ್ತವೆ ಎಂಬುದೂ ಅರ್ಧ ಸತ್ಯ. ಚೆನ್ನೈ ಬಳಿಯ ಇರುಂಗಾಟುಕೋಟೆಯ ನುಣುಪಾದ ಟ್ರ್ಯಾಕಿನಲ್ಲಿ ಓಡುವವು ತಗ್ಗು. ನಮ್ಮ ನೆರೆಯ ಕಾಸರಗೋಡಿನ ಮೂಸಾ ಶರೀಫರು ಗೌರವ್ ಗಿಲ್ ಅವರ ಪಕ್ಕದಲ್ಲಿ ಕುಳಿತು ದಾರಿ ಹೇಳಿದ ರ‍್ಯಾಲಿ ಕಾರುಗಳು ಮಣ್ಣಿನ ದಾರಿಗೆ ಇಳಿಯುವಾಗ ಎತ್ತರಿಸಿದವೇ ಆಗಿರುತ್ತವೆ. ರಸ್ತೆ ಎಂತಹುದೋ ಕಾರು ಅಂತಹುದು. ನಮ್ಮದು ಯಾವ ಬಗೆಯ ರಸ್ತೆಯೆಂದು ಬೇರೆ ಹೇಳಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಎಂದಿದೆ.

ಇಷ್ಟೆಲ್ಲ ಹೇಳುವ ನಾನು ಸಾಧುವೇನಲ್ಲ. 1986ರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವನು ಒಂದು ಹಳೆಯ ಯೆಜ್ಡಿ ಕೊಂಡು, ಅದರ ಅಗಲವಾದ ಹ್ಯಾಂಡಲನ್ನು ತೆಗೆಸಿ, ರೇಸಿನವರಂತೆ ಬಾಗಿ ಕೂರುವ ಗಿಡ್ಡ ಹ್ಯಾಂಡಲ್ ಹಾಕಿಸಿದ್ದೆ. ಅಪ್ಪಯ್ಯನನ್ನು ಹಿಂದೆ ಕೂರಿಸಿಕೊಂಡು ಅತ್ತೂರು ಜಾತ್ರೆಗೆ ಹೊರಟ ದಿನ ಜಲ್ಲಿಯ ತಿರುವಿನಲ್ಲಿ ಹ್ಯಾಂಡಲ್ ನನ್ನ ಮಾತು ಕೇಳಲಿಲ್ಲ. ನನಗೆ ತರಚು ಗಾಯ, ಅವರಿಗೆ ಮೊಣಕಾಲು. ಅವರು ಒಂದು ದಿನವೂ ಬೈಯಲಿಲ್ಲ. ಆದರೆ ಕೊನೆಯವರೆಗೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ಚಂದಕ್ಕಾಗಿ ಬದಲಿಸಿದವನು ನಾನು, ಬೆಲೆ ತೆತ್ತವರು ಹಿಂದೆ ಕುಳಿತವರು.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಆದರೆ ಬೇಡವೆನ್ನುವ ಹಿರಿಯರು ಅಲ್ಲಿಗೇ ನಿಲ್ಲಬಾರದು. ಹುಡುಗನ ಆಸೆ ತಪ್ಪಲ್ಲ; ತಿರುವಿನಲ್ಲಿ ಕಾರು ಹಿಡಿತದಲ್ಲಿರಬೇಕೆಂಬುದು ಒಳ್ಳೆಯ ಆಸೆಯೇ. ಆ ಹಿಡಿತ ಕೊನೆಗೆ ಇರುವುದು ಟೈರಿನಲ್ಲಿ. ತಯಾರಕರು ಹೇಳಿದ ಅಳತೆಯ ನಾಲ್ಕು ಉತ್ತಮ ಟೈರುಗಳನ್ನು ನಾನು ಕೊಡಿಸುತ್ತೇನೆಂದೆ. ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿಕೊಳ್ಳುವುದು ಅವನ ಪಾಲು.

ಅವನು ಏನನ್ನೂ ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. "ನೋಡುವ ಮಾವ" ಎಂದು ಎದ್ದ. ಕಾರು ಅವನದು, ದುಡಿದ ಹಣವೂ ಅವನದು; ತೀರ್ಮಾನವೂ ಅವನದೇ ಆಗಲಿ. ಗೇಟಿನ ಬಳಿಯ ಉಬ್ಬು ದಾಟುವಾಗ ಮಾತ್ರ ಅವನು ಬಹಳ ನಿಧಾನ ಮಾಡಿದ್ದನ್ನು ನಾನು ಗಮನಿಸಿದೆ. ಪಕ್ಕದ ಸೀಟಿನಲ್ಲಿ ನನ್ನ ತಂಗಿ ಕುಳಿತಿದ್ದಳು.