ಎಚ್ಚರ ತಪ್ಪಿದವರ ಅರ್ಧ ಶತಮಾನ

ಕಡೂರು, ತರೀಕೆರೆಗಳನ್ನು ಹಾದು ಹೋಗುವ ಹೆದ್ದಾರಿ ಪಡುವಣದಲ್ಲಿ ಹೊನ್ನಾವರ ಮುಟ್ಟುತ್ತದೆ. ಅದರ ಬಳಿಯ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಕೆಲಸದ ಜಾಗದಲ್ಲೇ ದಾಳಿಗೆ ತುತ್ತಾಗಿ ಹಾಸಿಗೆ ಹಿಡಿದವರು 2015ರ ಮೇ 18ರಂದು ತೀರಿಕೊಳ್ಳುವವರೆಗೂ ಚೇತರಿಸಿಕೊಳ್ಳಲಿಲ್ಲ. ಈ ಅವಧಿಯಲ್ಲಿ ವೈದ್ಯಲೋಕ ಕಲಿತದ್ದು ಬಹಳ. ಅದರಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಎಂಬ ನಮ್ಮ ಮೂರು ತಾಲ್ಲೂಕುಗಳ ಮನೆಗಳಿಗೆ ತಲುಪಿದ್ದೆಷ್ಟು?

1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಒಂದು ಅಳತೆ ಕೊಟ್ಟರು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ ಈಗ 3ರಿಂದ 15ರವರೆಗೆ ಅಂಕ ಹಾಕುತ್ತಾರೆ. 8 ಅಥವಾ ಅದಕ್ಕೂ ಕಡಿಮೆಯಾದರೆ ಕೋಮಾ. ಇದಕ್ಕೆ ಯಂತ್ರ ಬೇಡ. ಗಾಯಾಳುವನ್ನು ಶಿವಮೊಗ್ಗಕ್ಕೋ ನಿಮ್ಹಾನ್ಸ್‌ಗೋ ಕಳಿಸುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲೇ ಅಂಕ ಬರೆದರೆ, ದಾರಿಯಲ್ಲಿ ಸ್ಥಿತಿ ಬಿಗಡಾಯಿಸಿತೇ ಎಂಬುದು ಅಲ್ಲಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಮನೆಯವರು ತಬ್ಬಿಬ್ಬಾಗುವುದು ಆಮೇಲೆ. ಕೋಮಾದಲ್ಲಿ ಕಣ್ಣು ಮುಚ್ಚಿರುತ್ತದೆ, ಚಿವುಟಿದರೂ ತೆರೆಯದು. ಆ ಸ್ಥಿತಿ ಸಾಮಾನ್ಯವಾಗಿ ಕೆಲವು ವಾರ ಮೀರದು. ಕೆಲವರಲ್ಲಿ ಕಣ್ಣು ತೆರೆದು ನಿದ್ದೆ, ಎಚ್ಚರದ ಸರದಿ ಮರಳಿದರೂ ಸುತ್ತಲಿನ ಅರಿವು ಮರಳುವುದಿಲ್ಲ. ಅರುಣಾ ಅವರದು ಈ ಸ್ಥಿತಿ. ಮಿದುಳು ನಿಷ್ಕ್ರಿಯವಾಗುವುದು ಇವೆರಡೂ ಅಲ್ಲ, ಅದು ಸಾವು. ಎದೆ ಏರಿಳಿಯುವುದು ವೆಂಟಿಲೇಟರ್‌ನಿಂದ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ವೈದ್ಯರ ತಂಡ ಎರಡು ಸಲ ಪರೀಕ್ಷಿಸಿಯೇ ಅದನ್ನು ದೃಢಪಡಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬಸ್ಸಿನಿಂದ ಬಿದ್ದ ಕಡೂರು ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳ ಹೆತ್ತವರು ಆ ಕಠೋರ ಮಾತನ್ನು ಕೇಳಿ, ಅರಗಿಸಿಕೊಂಡು, ಮಗಳ ಅಂಗಾಂಗ ದಾನಕ್ಕೆ ಒಪ್ಪಿದರು. ಚಿಕ್ಕಮಗಳೂರಿನಿಂದ ಹೃದಯ ಹೆಲಿಕಾಪ್ಟರ್‌ನಲ್ಲಿ ಬೆಂಗಳೂರಿಗೆ ಹೋಯಿತು. ಈ ಐವತ್ತು ವರ್ಷಗಳಲ್ಲಿ ನಮ್ಮ ಸೀಮೆ ಇಟ್ಟ ಅತಿ ದೊಡ್ಡ ಹೆಜ್ಜೆ ಅದೇ ಎಂಬುದು ನಮ್ಮ ಎಣಿಕೆ.

ಹಾಗೆಂದು ಅಲುಗಾಡದವರೆಲ್ಲರ ಆಸೆ ಬಿಡುವಂತಿಲ್ಲ. ನೆಲದ ಮೇಲೆ ಮಲಗಿದವರಿಗೆ ಕಟ್ಟು ಹಾವು ಕಚ್ಚಿದರೆ ರೆಪ್ಪೆ ಎತ್ತಲೂ ಆಗದೆ ಸತ್ತವರಂತೆ ಬಿದ್ದಿರುತ್ತಾರೆ. ಆದರೂ ಸುತ್ತಲಿನ ಮಾತು ಕಿವಿಗೆ ಬೀಳುತ್ತಿರಬಹುದು. ಸಮಯಕ್ಕೆ ವೆಂಟಿಲೇಟರ್ ಮತ್ತು ವಿಷನಿರೋಧಕ ಸಿಕ್ಕರೆ ಎದ್ದು ಬರುತ್ತಾರೆ. ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪಿದ ಮಧುಮೇಹಿಗಳು ಗ್ಲೂಕೋಸ್ ಕೊಟ್ಟೊಡನೆ ಕಣ್ಣು ಬಿಡುವುದುಂಟು.

ಕಾನೂನೂ ಸುಮ್ಮನೆ ಕೂತಿಲ್ಲ. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಅರುಣಾ ಅವರ ಆಹಾರ ನಿಲ್ಲಿಸಲು ಒಪ್ಪಲಿಲ್ಲವಾದರೂ ನಿಷ್ಕ್ರಿಯ ದಯಾಮರಣಕ್ಕೆ ಷರತ್ತಿನ ಸಮ್ಮತಿ ನೀಡಿತು. 2018ರಲ್ಲಿ ಘನತೆಯ ಸಾವು ಮೂಲಭೂತ ಹಕ್ಕಾಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು.

ಹಿಂದುಳಿದಿರುವುದು ಆರೈಕೆ. ಕೆಇಎಂ ನರ್ಸ್‌ಗಳು ದಶಕಗಟ್ಟಲೆ ಸರದಿಯ ಮೇಲೆ ದುಡಿದು ಅರುಣಾ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗದಂತೆ ಕಾದರು. ಅಜ್ಜಂಪುರದ ಹಳ್ಳಿಮನೆಯಲ್ಲಿ ಅಷ್ಟೂ ಕೆಲಸ ಒಬ್ಬ ತಾಯಿಯ, ಇಲ್ಲವೇ ಹೆಂಡತಿಯ ಪಾಲು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂಗಿನ ನಳಿಕೆಯಲ್ಲಿ ಗಂಜಿ, ಕೀಲು ಬಿಗಿಯದಂತೆ ಕೈಕಾಲು ಮಡಿಸಿ ಬಿಡಿಸುವುದು. ಮನೆಗೆ ಕಳಿಸುವ ಮೊದಲು ಇದನ್ನೆಲ್ಲ ಕೈಹಿಡಿದು ಕಲಿಸಬೇಕು. ವಾರಕ್ಕೊಮ್ಮೆಯಾದರೂ ನರ್ಸ್, ಫಿಸಿಯೋಥೆರಪಿಸ್ಟ್ ಮನೆಬಾಗಿಲಿಗೆ ಬರಬೇಕು. ಮುಂದಿನ ಬಜೆಟ್‌ಗೆ ಮೊದಲೇ ಇದಕ್ಕೆ ಬೇಕಾದ ಹುದ್ದೆಗಳನ್ನು ಮೂರೂ ತಾಲ್ಲೂಕುಗಳ ಶಾಸಕರು ಒಟ್ಟಾಗಿ ಕೇಳಲಿ.