ಯಾವ ಬಾಗಿಲು ಮೊದಲು?

ಮೊನ್ನೆ ಒಂದು ಸೀಮಂತಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಏನೇ ಹೇಳಿ, ಆ ಕೊರೋನಾ ಕಾಲವೇ ಒಂಥರಾ ಚೆನ್ನಾಗಿತ್ತು ಕಣ್ರೀ. ಮನೆಮಂದಿಯೆಲ್ಲಾ ಒಟ್ಟಿಗಿದ್ದೆವು. ಎಲ್ಲ ಮುಚ್ಚಿದ್ದಕ್ಕೇ ಬದುಕಿಕೊಂಡೆವು" ಎಂದರು. ಎದುರು ಸಾಲಿನಲ್ಲಿದ್ದ ಅವರ ತಮ್ಮ, "ಮುಚ್ಚಿದ್ದೇ ತಪ್ಪು ಅಕ್ಕ, ಒಂದು ದಿನವೂ ಮುಚ್ಚಬಾರದಿತ್ತು. ವ್ಯಾಪಾರ ನೆಲ ಕಚ್ಚಿತು" ಎಂದ. ಪಾಯಸ ಬರುವವರೆಗೂ ಇದೇ ಮಾತು. ಮುಚ್ಚಬೇಕಿತ್ತು, ಮುಚ್ಚಬಾರದಿತ್ತು. ಬೇಗ ತೆಗೆಯಬೇಕಿತ್ತು, ತೆಗೆಯಲೇಬಾರದಿತ್ತು.

ನನಗೆ ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ. 2020ರಲ್ಲೂ ನಮ್ಮ ಮನೆಯ ಜಗಲಿಯ ಮೇಲೆ ಈ ವಾದ ಹೀಗೇ ನಡೆಯುತ್ತಿತ್ತು, ಊರಿಗೆಲ್ಲ ಇರುವುದು ಒಂದೇ ಬಾಗಿಲು, ಅದಕ್ಕೊಂದೇ ಬೀಗ ಎಂಬಂತೆ. ಯಜಮಾನರ ಸ್ನೇಹಿತರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ವಾದ ಮಾಡುತ್ತಿದ್ದರು, ನಾನು ಕಾಫಿ ಕೊಡುತ್ತಿದ್ದೆ. ಇದ್ದದ್ದು ಒಂದು ಬೀಗವಲ್ಲ, ನೂರಾರು. ಯಾವುದನ್ನು ಮೊದಲು ತೆಗೆದರು, ಯಾವುದನ್ನು ಕೊನೆಗೆ ತೆಗೆದರು? ಜಗಳವಾಡಬೇಕಾದದ್ದು ಅದಕ್ಕೆ. ಅದನ್ನು ಅವತ್ತು ಯಾರೂ ಆಡಲಿಲ್ಲ. ನಾನೂ ಆಡಲಿಲ್ಲ.

ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 25ಕ್ಕೆ ದೇಶವೆಲ್ಲ ಬಾಗಿಲು ಹಾಕಿತು. ನಮ್ಮ ರಾಜ್ಯದಲ್ಲಿ ಶಾಲೆಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಮೇ 4ರ ಬೆಳಿಗ್ಗೆ ಮದ್ಯದಂಗಡಿಗಳು ತೆರೆದವು. ನಮ್ಮ ಹಾಸನ ಜಿಲ್ಲೆಯಲ್ಲಿ ಆಗಿನ್ನೂ ರೋಗವೇ ಕಾಲಿಟ್ಟಿರಲಿಲ್ಲ, ಮುಂಬೈಯಿಂದ ಬಂದವರಲ್ಲಿ ಕಾಣಿಸಿಕೊಂಡದ್ದು ಆಮೇಲೆ. ಆದರೂ ಸುಣ್ಣದಲ್ಲಿ ಗುಂಡು ಸುತ್ತು ಬರೆದು, ಆ ಸುತ್ತುಗಳಲ್ಲಿ ಗಂಡಸರನ್ನು ಸಾಲಾಗಿ ನಿಲ್ಲಿಸಿದ್ದರು. ಅಷ್ಟು ಶಿಸ್ತನ್ನು ನಾನು ನ್ಯಾಯಬೆಲೆ ಅಂಗಡಿಯ ಮುಂದೆ ಎಂದೂ ಕಂಡಿಲ್ಲ. ಮೊದಲ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು, ಮಾರನೆಯ ದಿನ 197 ಕೋಟಿಗೆ ಏರಿತು ಎಂದು ಪತ್ರಿಕೆಗಳಲ್ಲಿ ಬಂತು.

ಜೂನ್ 8ಕ್ಕೆ ದೇವಸ್ಥಾನ, ಹೋಟೆಲು, ಮಾಲ್‌ಗಳು ತೆರೆದವು. ಅಕ್ಟೋಬರಿನಲ್ಲಿ ಸಿನಿಮಾ ಮಂದಿರ. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆ. ಪಾಠ ಹೇಳಲು ಬಿಡದ ಮೇಷ್ಟರು, ಟೀಚರುಗಳನ್ನು ಮತಗಟ್ಟೆಯಲ್ಲಿ ಕೂರಿಸಿದರು. 2021ರ ಜನವರಿ 1ಕ್ಕೆ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿಯವರಿಗೆ ಶಾಲೆ ಕಾಲೇಜು ತೆರೆದವು. ಎರಡನೇ ಅಲೆ ಬಂದಾಗ ಮತ್ತೆ ಎಲ್ಲ ಮುಚ್ಚಿತು. ಆಗಲೂ ಬೆಳಿಗ್ಗೆ 6ರಿಂದ 10ರವರೆಗೆ ಹಾಲು, ತರಕಾರಿಯ ಜೊತೆಗೆ ಮದ್ಯವನ್ನೂ ಕೊಂಡೊಯ್ಯಬಹುದಿತ್ತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂಗನವಾಡಿ ತೆರೆದದ್ದು ಅದಕ್ಕೂ ಆಮೇಲೆ, ನವೆಂಬರಿನಲ್ಲಿ. ನಮ್ಮ ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಮ್ಮೆ ತೆರೆಯುತ್ತದೆ. ನಮ್ಮ ಬೀದಿಯ ಶಾಲೆಯ ಚಿಕ್ಕ ಮಕ್ಕಳಿಗೆ ಹತ್ತೊಂಬತ್ತು ತಿಂಗಳು ಬಾಗಿಲು ತೆರೆಯಲಿಲ್ಲ.

ಕಾರಣ ಗುಟ್ಟಿನದೇನಲ್ಲ. ಜಿಎಸ್‌ಟಿ ಬಂದ ಮೇಲೆ ರಾಜ್ಯ ಸರ್ಕಾರ ತಾನೇ ಹಾಕಿ ತಾನೇ ವಸೂಲು ಮಾಡುವ ತೆರಿಗೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಅದರಲ್ಲಿ ಮದ್ಯದ ಅಬಕಾರಿ ಸುಂಕ ದೊಡ್ಡದು. ಖಜಾನೆ ಬರಿದಾಗಿತ್ತು, ಸಂಬಳ ಕೊಡಬೇಕಿತ್ತು. ಒಪ್ಪುತ್ತೇನೆ. ಮನೆ ನಡೆಸುವವರಿಗೆ ಡಬ್ಬಿ ಖಾಲಿಯಾಗುವುದೆಂದರೇನೆಂದು ಗೊತ್ತು. ಆದರೆ ಡಬ್ಬಿ ಖಾಲಿಯಾಯಿತೆಂದು ನಾವು ಮಕ್ಕಳ ತಟ್ಟೆಯನ್ನು ಮೊದಲು ಎತ್ತಿಡುವುದಿಲ್ಲ. ಒಂದನೇ ಕ್ಲಾಸಿನಿಂದ ಖಜಾನೆಗೆ ಒಂದು ಪೈಸೆ ಬರುವುದಿಲ್ಲ, ಆ ಮಕ್ಕಳಿಗೆ ಓಟೂ ಇಲ್ಲ. ಆದ್ದರಿಂದಲೇ ಅವರ ಸರದಿ ಕೊನೆಗೆ ಬಂತು.

ನಮ್ಮ ಮನೆಗೆ ಕೆಲಸಕ್ಕೆ ಬರುವವಳು ಮೇ ತಿಂಗಳಲ್ಲಿ ಗೇಟಿನಾಚೆಯೇ ನಿಂತು ಹೇಳಿದ ಮಾತು ಇದು: "ನಲವತ್ತು ದಿವಸ ಕಣ್ತುಂಬ ನಿದ್ದೆ ಮಾಡಿದ್ದೆ ಕಣಮ್ಮಾ. ಇವತ್ತಿಂದ ಮತ್ತೆ ಶುರು." ಅಂಗಡಿ ಮುಚ್ಚಿದ್ದ ಅಷ್ಟು ದಿನ ಅವಳ ಗಂಡ ಕೂಲಿ ಇಲ್ಲದೆ ಮನೆಯಲ್ಲೇ ಇದ್ದ, ಆದರೆ ಕೈ ಎತ್ತಿರಲಿಲ್ಲ. ಈ ನಿರ್ಬಂಧ ಸಡಿಲಿಸಬೇಕೆ ಎಂದು ಅವಳನ್ನು ಯಾರಾದರೂ ಕೇಳಿದ್ದರೆ ಜಗಲಿಯ ಮೇಲಿನ ವಾದ ಬೇರೆಯೇ ಆಗುತ್ತಿತ್ತು. ಇದನ್ನು ನಾನು ಯಜಮಾನರ ಸ್ನೇಹಿತರಿಗೆ ಹೇಳಿದೆ. ಒಬ್ಬರು ನಕ್ಕು, "ಅದು ಅವರ ಮನೆ ವಿಚಾರ ಬಿಡಿ" ಎಂದರು. ಅಂಗಡಿ ತೆರೆಯುವುದು ರಾಜ್ಯದ ವಿಚಾರ, ಏಟು ಬೀಳುವುದು ಮನೆ ವಿಚಾರ!

ಇಷ್ಟೆಲ್ಲ ಬರೆಯುತ್ತಿರುವ ನಾನು ಶುದ್ಧಳೆಂದು ತಿಳಿಯಬೇಡಿ. ಅವಳನ್ನು ಗೇಟಿನಾಚೆ ನಿಲ್ಲಿಸಿದ್ದು ನಾನೇ. ಎರಡು ತಿಂಗಳು ಸಂಬಳ ಕೊಟ್ಟೆ, ಮೂರನೆಯ ತಿಂಗಳು "ನೋಡೋಣ ಇರು" ಎಂದೆ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

2020ರ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಎಂಬ ಯೋಜನೆ ತಂದಿತು. ಮಕ್ಕಳು ಶಾಲೆಗೆ ಬರುವುದು ಬೇಡ, ಮೇಷ್ಟರೇ ಮಕ್ಕಳಿದ್ದಲ್ಲಿಗೆ ಹೋಗಿ ಮರದ ಕೆಳಗೆ, ಗುಡಿಯ ಅಂಗಳದಲ್ಲಿ, ಜಗಲಿಗಳಲ್ಲಿ ಸಣ್ಣ ಸಣ್ಣ ಗುಂಪು ಮಾಡಿ ಪಾಠ ಹೇಳುವುದು. ಆ ಎರಡು ವರ್ಷಗಳಲ್ಲಿ ಹೊರಟ ಅಷ್ಟೂ ಆಜ್ಞೆಗಳಲ್ಲಿ ತಲೆ ಓಡಿಸಿ ಮಾಡಿದ್ದು ಇದೊಂದೇ ಎಂದು ನನಗೆ ಇವತ್ತು ಅನ್ನಿಸುತ್ತದೆ. ಗಾಳಿ ಬೆಳಕಿತ್ತು, ಮಕ್ಕಳ ನಡುವೆ ಅಂತರವಿತ್ತು, ಖರ್ಚಿರಲಿಲ್ಲ. ಪೂರ್ತಿ ಮುಚ್ಚುವುದಕ್ಕೂ ಪೂರ್ತಿ ತೆರೆಯುವುದಕ್ಕೂ ನಡುವೆ ಒಂದು ದಾರಿಯಿದೆ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರು.

ನಮ್ಮ ಬೀದಿಯ ಗುಡಿಯ ಅಂಗಳಕ್ಕೆ ಒಬ್ಬ ಟೀಚರು ಸಣ್ಣ ಕಪ್ಪು ಹಲಗೆ ಹಿಡಿದುಕೊಂಡು ಬರತೊಡಗಿದರು. ಹತ್ತು ಹನ್ನೆರಡು ಮಕ್ಕಳು. ಅದರಲ್ಲಿ ನಮ್ಮ ಕೆಲಸದವಳ ಮಗಳೂ ಇದ್ದಳು. ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆ ಮುಚ್ಚಿತ್ತು, ಪರೀಕ್ಷೆಯಿಲ್ಲದೆ ನಾಲ್ಕಕ್ಕೆ ಹಾಕಿದ್ದರು. ನನ್ನ ಅತ್ತೆಗೆ ಆಗ ಎಂಬತ್ತೆರಡು, ಉಬ್ಬಸ ಬೇರೆ. ಮಕ್ಕಳಿಗೆ ಏನೂ ಆಗುವುದಿಲ್ಲ, ಆದರೆ ಮನೆಯ ಮುದುಕರಿಗೆ ತಂದು ಹಚ್ಚುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ನಾವು ಐದಾರು ಮನೆಯ ಹೆಂಗಸರು ಹೋಗಿ ಟೀಚರಿಗೆ, "ಇಲ್ಲಿ ಬೇಡ, ನಮ್ಮನೇಲಿ ವಯಸ್ಸಾದವರಿದ್ದಾರೆ" ಎಂದೆವು. ಮಾತಾಡಿದವಳು ನಾನು. ಆಕೆ ಮರುಮಾತಾಡದೆ ಹಲಗೆ ಮಡಚಿಕೊಂಡು ಹೋದರು. ಅಕ್ಟೋಬರಿನಲ್ಲಿ ಮಕ್ಕಳಿಗೂ ಮೇಷ್ಟರುಗಳಿಗೂ ಸೋಂಕು ತಗಲುತ್ತಿದೆ ಎಂದು ಗದ್ದಲವೆದ್ದು ಯೋಜನೆಯನ್ನೇ ನಿಲ್ಲಿಸಿದರು. ಅದೇ ವಾರ ನಾನು ಮಾಸ್ಕ್ ಹಾಕಿಕೊಂಡು ಬಟ್ಟೆ ಅಂಗಡಿಗೆ ಹೋಗಿ ದಸರೆಗೆ ಸೀರೆ ತಂದಿದ್ದೆ. ಕಿಟಕಿಯಿಲ್ಲದ, ಏಸಿ ಹಾಕಿದ ಅಂಗಡಿ.

ಭಯ ಸುಳ್ಳಾಗಿರಲಿಲ್ಲ. 2021ರ ಏಪ್ರಿಲ್, ಮೇ ತಿಂಗಳನ್ನು ಕಂಡವರು ಯಾರೂ ಹಾಗೆನ್ನಲಾರರು. ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಮಂದಿ ಸತ್ತರು. ಒಂದು ದಿನವೂ ಮುಚ್ಚಬಾರದಿತ್ತು ಎನ್ನುವ ತಮ್ಮಂದಿರು ಆ ದಿನವನ್ನು ಮರೆತಿದ್ದಾರೆ. ಮುಚ್ಚಬೇಕಾದಾಗ ಮುಚ್ಚಲೇಬೇಕು. ಆದರೆ ಅಲೆ ಇಳಿದ ಮೇಲೆ? ಡಾ. ದೇವಿಶೆಟ್ಟಿಯವರ ಅಧ್ಯಕ್ಷತೆಯ ತಜ್ಞರ ಸಮಿತಿ ಜೂನ್ ತಿಂಗಳಲ್ಲೇ ಶಾಲೆ ತೆರೆಯುವ ಪರವಾಗಿ ವರದಿ ಕೊಟ್ಟಿತು. ಆಗಸ್ಟಿನಲ್ಲಿ ಹೈಸ್ಕೂಲು, ಸೆಪ್ಟೆಂಬರಿನಲ್ಲಿ ಆರರಿಂದ ಎಂಟು. ಅಕ್ಷರ ಕಲಿಯುವ ವಯಸ್ಸಿನವರು ಮಾತ್ರ ಕಾಯಬೇಕು. ಚಿಕ್ಕವರಿಗೆ ರೋಗದ ಕಾಟ ಕಡಿಮೆ, ಕಲಿಕೆಯ ನಷ್ಟ ಹೆಚ್ಚು. ಸರದಿಯನ್ನು ನಾವು ತಲೆಕೆಳಗೆ ಮಾಡಿದೆವು.

ಮೊಬೈಲಿನಲ್ಲಿ ಪಾಠವಿತ್ತಲ್ಲ ಎನ್ನುತ್ತೀರಿ. ಯಾರ ಮೊಬೈಲು? ಆ ಮನೆಯಲ್ಲಿದ್ದದ್ದು ಒಂದು, ಅದು ಅಪ್ಪನ ಜೇಬಿನಲ್ಲಿ. ಅವನು ಮನೆಗೆ ಬಂದಾಗ ಅದು ಎಂಟನೇ ಕ್ಲಾಸಿನ ಅಣ್ಣನಿಗೆ. ಹುಡುಗಿಯ ಕೈಗೆ ಸಿಗುವಷ್ಟರಲ್ಲಿ ಚಾರ್ಜು ಮುಗಿದಿರುತ್ತಿತ್ತು. ಬಿಸಿಯೂಟದ ಬದಲು ಅಕ್ಕಿ ಬೇಳೆ ಕೊಟ್ಟರು, ನಿಜ. ಅದನ್ನು ಬೇಯಿಸಲು ಸೌದೆ ಹೊಂದಿಸಿದ್ದು, ಪಾತ್ರೆ ತೊಳೆದದ್ದು, ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ತಿರುಗಿದ್ದು ಆ ಎಂಟು ವರ್ಷದ ಹುಡುಗಿ.

ಶಾಲೆ ತೆರೆದಾಗ ಅವಳು ಐದನೇ ಕ್ಲಾಸು. ನವೆಂಬರಿನಲ್ಲಿ ಒಂದು ಸಂಜೆ ಅಮ್ಮನ ಜೊತೆ ಬಂದಿದ್ದಳು, ಪಾಠಪುಸ್ತಕ ಕೊಟ್ಟು ಓದು ಎಂದೆ. ಬಿಡಿ ಅಕ್ಷರಗಳನ್ನು ಗುರುತಿಸಿದಳು. ಒತ್ತಕ್ಷರ ಬಂದ ಕಡೆ ನಿಂತುಬಿಟ್ಟಳು. 'ಅಮ್ಮ' ಎಂಬುದು ಬಂತು. 'ಕಷ್ಟ' ಬರಲಿಲ್ಲ. ಅವಳೊಬ್ಬಳ ಕತೆಯಲ್ಲ ಇದು. 2021ರ ಮೊದಲ ತಿಂಗಳುಗಳಲ್ಲಿ 'ಅಸರ್' ಸಂಸ್ಥೆಯವರು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮಕ್ಕಳ ಓದನ್ನು ಅಳೆದರು. ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 19ರಷ್ಟಿದ್ದವರು ಹತ್ತಿರಹತ್ತಿರ 10ಕ್ಕೆ ಇಳಿದಿದ್ದರು. ಬಾಗಿಲು ತೆರೆಯಲು ಆಗಿನ್ನೂ ಏಳೆಂಟು ತಿಂಗಳು ಬಾಕಿಯಿತ್ತು.

"ಆಗಿದ್ದಾಯಿತು, ಈಗೇಕೆ ಕೆದಕುತ್ತೀರಿ" ಎಂದು ಸೀಮಂತದ ಮನೆಯಲ್ಲೂ ಕೇಳಿದರು. ಇನ್ನೊಂದು ರೋಗ ಬರುವುದಿಲ್ಲವೆಂದು ಯಾರಾದರೂ ಬರೆದುಕೊಟ್ಟರೆ ಕೆದಕುವುದಿಲ್ಲ. ಬಂದರೆ ಮತ್ತೆ ಪಟ್ಟಿ ಮಾಡುತ್ತಾರೆ, ಏನು ಮುಚ್ಚಬೇಕು, ಏನು ತೆಗೆಯಬೇಕು ಎಂದು. ಆ ಮೇಜಿನ ಸುತ್ತ ಡಾಕ್ಟರು, ಅಧಿಕಾರಿಗಳು, ಮಂತ್ರಿಗಳು ಇರಲಿ. ಮನೆಮನೆ ತಿರುಗಿ ಜ್ವರ ನೋಡಿದ ಆಶಾ ಕಾರ್ಯಕರ್ತೆಯೂ ಇರಲಿ, ಅಂಗನವಾಡಿಯ ಟೀಚರೂ ಇರಲಿ, ಗೇಟಿನಾಚೆ ನಿಂತು ಮಾತಾಡಿದವಳೂ ಇರಲಿ. ಮುಚ್ಚುವಾಗ ಚಿಕ್ಕ ಮಕ್ಕಳ ಶಾಲೆ ಕೊನೆಗೆ, ತೆರೆಯುವಾಗ ಮೊದಲು ಎಂದು ಈಗಲೇ, ಭಯವಿಲ್ಲದ ಕಾಲದಲ್ಲೇ ಬರೆದಿಡಲಿ. ಭಯ ಬಂದ ಮೇಲೆ ನನ್ನಂಥವರ ಮಾತು ಕೇಳಬಾರದು.

ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ, ನನಗಿಂತ ಎತ್ತರ. ವಾರಕ್ಕೆ ಮೂರು ದಿನ ಸಂಜೆ ಬಂದು ನನ್ನ ಹತ್ತಿರ ಪತ್ರಿಕೆ ಓದುತ್ತಾಳೆ, ಇನ್ನೂ ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಗುಡಿಯ ಅಂಗಳದ ಶಾಲೆ ಯಾಕೆ ನಿಂತಿತು ಎಂದು ಕಳೆದ ತಿಂಗಳು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಟೀಚರು ಚೆನ್ನಾಗಿ ಹೇಳಿಕೊಡೋರು ಆಂಟಿ" ಎಂದು ಪುಟ ತಿರುಗಿಸಿದಳು.